ಪ್ರಮಿಳಕ್ಕ ಮುರಿದು ನೋಡಿದ ಕತ್ತಿ

ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಹತ್ತಿರ ನನ್ನದೊಂದು ಸ್ಟೇಷನರಿ ಅಂಗಡಿ ಇದೆ. ಅದರ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ನಾಲ್ಕು ಜನ ಕೂತು ಒಂದು ಆಟ ಆಡುತ್ತೇವೆ. ಕೇರಮ್ಮೂ ಅಲ್ಲ, ಇಸ್ಪೀಟೂ ಅಲ್ಲ. ಒಬ್ಬ ಕತೆ ಹೇಳುತ್ತಾನೆ. ಉಳಿದವರು ಆ ಕತೆಯೊಳಗೆ ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕತೆ ಹೇಳುವವನು ನಾನು. ನಿಯಮಗಳೂ ನನ್ನವೇ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನಲವತ್ತು ದಾಟಿದ ಗಂಡಸು ರಾಕ್ಷಸರ ಕತೆ ಹೇಳುತ್ತಾ ಕೂರುವುದು ಏನು ಚಂದ ಎಂದು ಕೇಳುವವರು ಕೆಳಗೆ ಪೆನ್ನು ಕೊಂಡು ತಮ್ಮ ದಾರಿ ಹಿಡಿಯಲಿ.

ಆದರೆ ಇಲ್ಲಿ ಹೇಳಬೇಕಾದದ್ದು ಪ್ರಮಿಳಕ್ಕನ ಬಗ್ಗೆ. ಅವರಿಗೆ ಐವತ್ತೊಂದು ವರ್ಷ, ಊರು ಖಾನಾಪುರ. ನಮ್ಮ ಊರಿನ ಉದ್ಯಮಬಾಗದಲ್ಲಿ ಗಾಡಿಗಳ ಗೇರು, ಶಾಫ್ಟುಗಳನ್ನು ಭಟ್ಟಿಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಒಂದು ಸಣ್ಣ ಕಾರ್ಖಾನೆಯಿದೆ. ಅಲ್ಲಿ ಇಪ್ಪತ್ತಾರು ವರ್ಷದಿಂದ ಉಕ್ಕಿನ ಗಟ್ಟಿತನ ಅಳೆದು ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಲಾರಿ ಕಾಯುತ್ತಿದೆ, ಎರಡು ಅಂಕ ಹೆಚ್ಚಿಗೆ ಬರೆದುಬಿಡಿ ಎಂದು ಒಮ್ಮೆ ಮ್ಯಾನೇಜರ್ ಹೇಳಿದಾಗ, ಪೆನ್ನನ್ನು ಅವರ ಕೈಗೇ ಕೊಟ್ಟು, "ನೀವ ಬರದು ನೀವ ಸಹಿ ಮಾಡ್ರಿ ಸಾಹೇಬ್ರ, ನನ್ನ ಕೈಲೆ ಆಗೂದಿಲ್ಲ" ಅಂದಿದ್ದರಂತೆ. ಸಾಹೇಬರೂ ಬರೆಯಲಿಲ್ಲ. ಲಾರಿ ಖಾಲಿ ಹೋಯಿತು.

ಅವರು ಮೊದಲು ನನ್ನ ಅಂಗಡಿಗೆ ಬಂದದ್ದು ರಿಜಿಸ್ಟರ್ ಕೊಳ್ಳಲು. ಗಲ್ಲೆಯ ಮೇಲಿದ್ದ ದಾಳವನ್ನು ಎತ್ತಿ ಬೆರಳಲ್ಲಿ ತಿರುಗಿಸಿ, "ಇದರ ತೂಕ ಎಲ್ಲಾ ಬಾಜೂಕ ಸಮ ಐತೇನ್ರಿ?" ಅಂದರು. ಇರಬೇಕು ಅಂದೆ. 'ಇರಬೇಕು' ಎಂಬ ಮಾತು ಅವರಿಗೆ ಆಗಿಬರುವುದಿಲ್ಲ. ಅಲ್ಲೇ ನಿಂತು ನೂರು ಸಲ ಹಾಕಿ, ಒಂದು ಚೀಟಿಯಲ್ಲಿ ಗೀಟು ಹಾಕುತ್ತಾ ಹೋಗಿ, ಕೊನೆಗೆ "ನಡೀತೈತಿ" ಎಂದು ತೀರ್ಪು ಕೊಟ್ಟರು. ಆಮೇಲೆಯೇ ಇದು ಯಾತಕ್ಕೆ ಎಂದು ಕೇಳಿದ್ದು. ಮುಂದಿನ ಭಾನುವಾರ ಖಾನಾಪುರದ ಬಸ್ಸಿಳಿದು ಮೆಟ್ಟಿಲು ಹತ್ತಿ ಬಂದೇಬಿಟ್ಟರು.

ಆಗ ನಮ್ಮಲ್ಲಿ ಸುಜಯ ರಾಜಕುಮಾರನಾಗಿದ್ದ, ಓಂಕಾರ ಬಿಲ್ಲುಗಾರನಾಗಿದ್ದ. ಇಬ್ಬರೂ ನನ್ನ ಕಾಲೇಜಿನ ಗೆಳೆಯರು. ಪ್ರಮಿಳಕ್ಕ ಕಮ್ಮಾರಿಕೆಯ ಹೆಂಗಸೊಬ್ಬಳನ್ನು ಆರಿಸಿಕೊಂಡು, ಹೆಸರಿನ ಜಾಗದಲ್ಲಿ 'ಸಾವಂತ್ರವ್ವ' ಎಂದು ಬರೆದರು. ಅದು ಅವರ ತಾಯಿಯ ಹೆಸರು. ತಾಯಿಗೆ ಎಪ್ಪತ್ತೆಂಟು. ಸೊಂಟದ ಮೂಳೆ ಮುರಿದು ಎರಡು ವರ್ಷವಾಗಿತ್ತು, ಹೊಸ್ತಿಲು ದಾಟಿರಲಿಲ್ಲ. ನಮ್ಮಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ: ಪಾತ್ರ ಸತ್ತರೆ ಅದರ ಹಾಳೆಯನ್ನು ಎಲ್ಲರ ಎದುರಿಗೆ ಹರಿಯಬೇಕು, ಆ ಹೆಸರನ್ನು ಮತ್ತೆ ಬಳಸುವಂತಿಲ್ಲ. ಅದನ್ನು ಹೇಳಿ, ಬೇರೆ ಹೆಸರಿಡಿ ಎಂದೆ. ಅವರು ಕೇಳಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಮಗಳು ಮನೆಗೆ ಹೋದ ಕೂಡಲೇ ಆ ತಾಯಿ ಕೇಳುವ ಮೊದಲ ಮಾತು: "ಇವತ್ತ ನಾ ಉಳದೇನೋ ಇಲ್ಲೋ?" ಉಳಿದಿದ್ದಾಳೆ ಎಂದರೆ ಸರಿ, ಚಹಾ ಆಗುವಷ್ಟರಲ್ಲಿ ಪೂರ್ತಿ ಕತೆ ಹೇಳಬೇಕು. ಯಾವ ಬೆಟ್ಟ ಹತ್ತಿದೆ, ಯಾವ ಹೊಳೆ ದಾಟಿದೆ, ಎಲ್ಲ. ಪ್ರಮಿಳಕ್ಕ ಇದನ್ನು ನಗುನಗುತ್ತಾ ಹೇಳಿದರು. ನನಗೆ ಮಾತ್ರ ಅಂದಿನಿಂದ ದಾಳ ಹಾಕುವಾಗ ಎದೆ ಹೊಡೆದುಕೊಳ್ಳತೊಡಗಿತು.

ಕತೆ ಮುಂದುವರಿದು ಲೋಹಭಂಗನೆಂಬ ದೈತ್ಯನ ತನಕ ಬಂತು. ಅವನ ಸುತ್ತಿಗೆಯ ಏಟಿಗೆ ಯಾವ ಆಯುಧವೂ ನಿಲ್ಲುವುದಿಲ್ಲ. ಅವನೆದುರು ಹೋಗಬೇಕಾದರೆ ಮುರಿಯದ ಮಾಯಾಕತ್ತಿ ಬೇಕು, ಅದನ್ನು ಮಾಡಬಲ್ಲವಳು ಸಾವಂತ್ರವ್ವ ಒಬ್ಬಳೇ. ಸಿಡಿಲು ಬಡಿದ ಕಬ್ಬಿಣ ತಂದಳು, ಬೆಂಕಿಯ ಗವಿಯಲ್ಲಿ ಕಾಯಿಸಿದಳು, ಮಂತ್ರದ ಬಾವಿಯಲ್ಲಿ ಅದ್ದಿದಳು. ಹನ್ನೊಂದು ಭಾನುವಾರ ಹಿಡಿಯಿತು. ಕತ್ತಿಯ ಗಟ್ಟಿತನ ಇಪ್ಪತ್ತಕ್ಕೆ ಇಪ್ಪತ್ತು ಮುಟ್ಟಿತು. ನನ್ನ ನಿಯಮದಲ್ಲಿ ಅದಕ್ಕಿಂತ ಮೇಲೆ ಏನೂ ಇರಲಿಲ್ಲ.

"ಸಾವಂತ್ರವ್ವ ಈಗ ಆ ಕತ್ತಿ ಕಲ್ಲಿನ ಮ್ಯಾಲಿಟ್ಟು ಮುರದ ನೋಡ್ತಾಳ," ಅಂದರು ಪ್ರಮಿಳಕ್ಕ.

ಓಂಕಾರ ಎದ್ದೇ ನಿಂತ. "ತಲಿ ಗಿಲಿ ಕೆಟ್ಟೈತೇನ್ರಿ ಅಕ್ಕಾರ? ಮೂರು ತಿಂಗಳ ಮಾಡೀರಿ ಅದನ್ನ!"

"ನಮ್ಮಲ್ಲಿ ಭಟ್ಟಿಗೊಂದು ತುಂಡು ಮುರದ ನೋಡ್ತೀವ್ರಿ. ಮ್ಯಾಲಿನ ನಂಬರ್ ಅಷ್ಟ ನೋಡಿ ಮಾಲು ಬಿಟ್ರ, ನಾಳೆ ಯಾರದೋ ಗಾಡಿ ಶಾಫ್ಟ್ ಘಾಟಿನ್ಯಾಗ ಮುರೀತೈತಿ. ಒಳಗ ಹೆಂಗೈತಿ ಅಂತ ಮುರೀಲಾರದ ಹೆಂಗ್ ಗೊತ್ತಾಗಬೇಕು?"

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ನಿಯಮದ ಮೇಲೇ ಅನುಮಾನ! ಮುರಿಯುವುದಿಲ್ಲ ಎಂದು ತೋರಿಸೋಣವೆಂದು ದಾಳ ಹಾಕಿದರೆ, ಬಿದ್ದದ್ದು ಒಂದು. ಕತ್ತಿ ಬಳೆಯ ಹಾಗೆ ಚೂರಾಯಿತು.

"ನೋಡಿದ್ರಿಲ್ಲ? ಬರೇ ಗಟ್ಟಿ ಆದ್ರ ಗಾಜು ಆಗತೈತ್ರಿ," ಎಂದು ಅವರು ನನ್ನನ್ನೇ ಸಮಾಧಾನ ಮಾಡಿದರು. "ಕೊಯ್ಯೂ ಧಾರಿ ಗಟ್ಟಿ ಇರಬೇಕು, ಬೆನ್ನು ಮೆತ್ತಗಿರಬೇಕು. ಧಾರಿಯೊಳಗ ಬಿರುಕು ಬಿಟ್ರ ಅದು ಬೆನ್ನಿಗೆ ಬಂದು ನಿಂದರಬೇಕು."

ಹಾಗೆ ಮತ್ತೆ ಶುರುವಾಯಿತು, ಇನ್ನೂ ಒಂಬತ್ತು ಭಾನುವಾರ. ಅವರು ಹೇಳಿದ ಹಾಗೆ ನಾನು ನೋಟ್‌ಬುಕ್ಕಿನಲ್ಲಿ ಹೊಸ ನಿಯಮ ಬರೆದೆ: ಈ ಕತ್ತಿಗೆ ಪೆಟ್ಟಾಗಬೇಕಾದರೆ ದಾಳದಲ್ಲಿ ಬೆನ್ನಬೆನ್ನಿಗೆ ಎರಡು ಸಲ ಒಂದು ಬೀಳಬೇಕು. ನಾಲ್ಕುನೂರರಲ್ಲಿ ಒಂದು ಸಲ ಆಗುವ ಮಾತು. ಅದರ ಕೆಳಗೆ ಇನ್ನೊಂದು ಸಾಲು ಬರೆಸಿದರು. ಅಷ್ಟರಲ್ಲಿ ಕೆಳಗೆ, ಅಂಗಡಿಯ ಹಿಂದಿನ ನಮ್ಮ ಮನೆಯಿಂದ ನನ್ನ ಅವ್ವ ಕರೆದಳು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟವಾಗಬೇಕು, ಆಟಕ್ಕೆ ಬಂದವರದ್ದೂ ಅಲ್ಲೇ. ಆ ಸಾಲನ್ನು ಗೀಚಿ, ಸಹಿ ಹಾಕಿ, ಜೋಳದ ಭಾಕ್ರಿ ಆರುತ್ತದೆಂದು ಓಡಿದೆ. ಆಮೇಲೆ ಅದನ್ನು ಮರೆತೂಬಿಟ್ಟೆ.

ಹೋದ ಜನವರಿಯ ಒಂದು ಭಾನುವಾರ ಲೋಹಭಂಗ ಎದುರಾದ. ರಾಜಕುಮಾರ ಗಾಯಗೊಂಡು ಬಿದ್ದ, ಬಿಲ್ಲುಗಾರನ ಬಾಣ ಮುಗಿದವು. ಕೋಟೆಯ ಗೋಡೆಯ ಮೇಲೆ ಸಾವಂತ್ರವ್ವ ಒಬ್ಬಳೇ ನಿಂತಳು. ಕತ್ತಿ ಮುರಿದರೆ ಅವಳು ಸತ್ತಂತೆ. ಪರೀಕ್ಷೆಗೆ ಒಯ್ಯುವ ಪ್ಯಾಡೊಂದನ್ನು ನಿಲ್ಲಿಸಿಕೊಂಡು ಅದರ ಮರೆಯಲ್ಲಿ ದಾಳ ಹಾಕುವುದು ನನ್ನ ರೂಢಿ. ಸುತ್ತಿಗೆ ಬೀಸಿತು, ದಾಳ ಹಾಕಿದೆ. ಒಂದು. ಮತ್ತೆ ಹಾಕಿದೆ.

ಮತ್ತೆ ಒಂದು.

ಖಾನಾಪುರದಲ್ಲಿ ಮಲಗಿದ ಆ ಮುದುಕಿ ಕಣ್ಣಮುಂದೆ ಬಂದಳು. "ಏಳು ಬಿತ್ತು!" ಎಂದು ಕೂಗಿದೆ. "ಕತ್ತಿ ಉಳೀತು!"

ಸುಜಯ ಚಪ್ಪಾಳೆ ತಟ್ಟಿದ. ಪ್ರಮಿಳಕ್ಕ ತಟ್ಟಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ಪ್ಯಾಡ್ ತಗೀರಿ ಅಣ್ಣಾರ."

"ನಿಮ್ಮ ಅವ್ವಾರ ಸಲುವಾಗಿ ಅಕ್ಕಾರ..."

"ನಮ್ಮವ್ವನ ಸಲುವಾಗೇ ಹೇಳಾಕತ್ತೇನ್ರಿ. ಮನಿಗೆ ಹೋಗಿ ಏನ್ ಹೇಳ್ಲಿ? ಪಾರ್ಶ್ವಣ್ಣ ಸುಳ್ಳ ಹೇಳಿ ನಿನ್ನ ಉಳಿಸಿದ್ರು ಅಂತನ?"

ಪ್ಯಾಡ್ ತೆಗೆದೆ. ಎಲ್ಲರೂ ಆ ಒಂದನ್ನು ನೋಡಿದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಸಾವಂತ್ರವ್ವನ ಹಾಳೆಯನ್ನು ಕೈಗೆತ್ತಿಕೊಂಡೆ. ಹರಿಯುವುದು ನನ್ನದೇ ಕೆಲಸ.

"ಅವಸರ ಮಾಡಬ್ಯಾಡ್ರಿ," ಅಂದರು ಪ್ರಮಿಳಕ್ಕ. "ಮೊದಲ ನೋಟ್‌ಬುಕ್ ಓದ್ರಿ. ಕೆಳಗಿನ ಸಾಲು."

ನನ್ನದೇ ಅಕ್ಷರ, ನನ್ನದೇ ಸಹಿ: 'ಬೆನ್ನಬೆನ್ನಿಗೆ ಒಂದು ಬಿದ್ದರೆ ಧಾರೆ ಪೂರ್ತಿ ಉದುರುತ್ತದೆ. ಬೆನ್ನು ಬಾಗುತ್ತದೆ. ಮುರಿಯುವುದಿಲ್ಲ.'

ಅದನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಧಾರೆಯೆಲ್ಲ ಉದುರಿ, ಬಾಗಿದ ಕತ್ತಿಯ ಕೊಕ್ಕೆಯಲ್ಲಿ ದೈತ್ಯನ ಸುತ್ತಿಗೆ ಸಿಕ್ಕಿಕೊಂಡಿತು. "ಸಾವಂತ್ರವ್ವ ಹಂಗ ಹಿಡದು ಗ್ವಾಡಿ ಹೊರಗ ಜಗ್ಗತಾಳ," ಅಂದರು ಪ್ರಮಿಳಕ್ಕ. ಹತ್ತರ ಮೇಲೆ ಬೀಳಬೇಕಿತ್ತು. ಮೇಜಿನ ನಡುವೆ, ಎಲ್ಲರ ಕಣ್ಣೆದುರು ದಾಳ ಹಾಕಿದರು. ಹದಿನಾಲ್ಕು. ಲೋಹಭಂಗ ಸುತ್ತಿಗೆ ಸಮೇತ ಕಂದಕಕ್ಕೆ ಬಿದ್ದ. ನಾನು ಅವರಿಗೆ ಕೈ ಮುಗಿದೆ. ಹತ್ತು ವಾರದ ಹಿಂದೆ ಇದೇ ಹೆಂಗಸಿನ ಮೇಲೆ ಸಿಟ್ಟಾಗಿದ್ದೆನಲ್ಲ!

ಗದ್ದಲ ಕೇಳಿ ಅವ್ವ ಮೇಲೆ ಬಂದಳು. ಅವಳ ಹೆಸರು ಚಂಪಾಬಾಯಿ, ಇರುವೆಯನ್ನೂ ದಾಟಿ ನಡೆಯುವ ಹೆಂಗಸು. ನಡೆದದ್ದನ್ನೆಲ್ಲ ಕೇಳಿಸಿಕೊಂಡು, "ಧಾರಿ ಹೋತಲ್ಲ, ಛಲೋನ ಆತು. ಇನ್ನ ಆ ಕತ್ತಿ ಯಾರಿಗೂ ಹತ್ತೂದಿಲ್ಲ. ಹೊತ್ತ ಮುಳಗಾಕ ಬಂತು, ಊಟಕ್ಕ ಏಳ್ರಿ," ಅಂದಳು.

ಊಟಕ್ಕೆ ಕೂತಾಗ ಪ್ರಮಿಳಕ್ಕನಿಗೆ ಫೋನ್ ಬಂತು. ಕೈಯೆಲ್ಲ ಭಾಕ್ರಿ ಪಲ್ಯ ಆಗಿದ್ದರಿಂದ ಅವರು ಸ್ಪೀಕರ್ ಒತ್ತಿ ಕೆಳಗಿಟ್ಟರು. ಮಗಳು ಮನೆ ಮುಟ್ಟುವ ತನಕ ತಾಯಿಗೆ ಅಂದು ತಡೆಯಲಾಗಿರಲಿಲ್ಲ.

"ಪಮ್ಮಿ, ನಾ ಉಳದೇನೋ ಇಲ್ಲೋ?"

"ಉಳದಿ ಅವ್ವ."

"ಖರೇ ಉಳದೇನೋ, ನನ್ನ ಸಮಾಧಾನಕ್ಕ ಹೇಳಾಕತ್ತಿಯೋ?"

ಪ್ರಮಿಳಕ್ಕ ನನ್ನತ್ತ ನೋಡಿದರು. ಬಾಯೊಳಗಿನ ತುತ್ತು ಹೇಗೋ ನುಂಗಿ, ಫೋನಿನ ಕಡೆ ಬಗ್ಗಿ ನಾನೇ ಹೇಳಿದೆ:

"ಖರೇ ಉಳದೀರಿ ಅವ್ವಾರ. ನಾ ಕಣ್ಣಾರೆ ನೋಡೇನಿ."