ಕಾವಲಿಯ ಮೇಲೆ ಒಣಗಿದ ಲೈಟರ್

ನಮ್ಮನೆಯ ಗ್ಯಾಸ್ ಲೈಟರ್ ಸತ್ತದ್ದು ಕಾವಲಿಯ ಮೇಲೆ. ಮಳೆಗಾಲದ ತೇವಕ್ಕೆ ಅದು ಕಿಡಿ ಕೊಡುತ್ತಿರಲಿಲ್ಲ. ರೊಟ್ಟಿ ಬೇಯಿಸಿದ ಕಾವಲಿಯ ಬಿಸಿಗೆ ಒಣಗಲಿ ಎಂದು ನಮ್ಮ ಅತ್ತೆ ಇಟ್ಟರು, ಇಟ್ಟು ಮರೆತರು. ಈಗ ಟಕ್ ಎನ್ನುತ್ತದೆ, ಕಿಡಿ ಮಾತ್ರ ಇಲ್ಲ.

ಒಳಗೆ ಯಾವುದೋ ತಂತಿ ಸುಟ್ಟಿರಬಹುದು. ಆದರೆ ಪಿಎಚ್.ಡಿ. ಮಾಡುವವಳಿಗೆ ಅಷ್ಟು ಸರಳ ಕಾರಣ ರುಚಿಸುತ್ತದೆಯೇ? ಲೈಟರಿನ ಹೊಟ್ಟೆಯಲ್ಲಿರುವ ಹರಳು, ನಾನು ವರ್ಷಗಟ್ಟಲೆ ಕುಲುಮೆಯಲ್ಲಿ ಬೇಯಿಸುತ್ತಿರುವ ಪೆರೊವ್‌ಸ್ಕೈಟ್ ಆಕ್ಸೈಡುಗಳ ದಾಯಾದಿ. ಅದರಲ್ಲಿ ಪರಮಾಣುಗಳು ಪುಟ್ಟ ಪೆಟ್ಟಿಗೆಗಳಂತೆ ಜೋಡಿಸಿಕೊಂಡಿರುತ್ತವೆ. ಪ್ರತಿ ಪೆಟ್ಟಿಗೆಯ ನಡುವೆ ಕೂರಬೇಕಾದ ಪರಮಾಣು ಚೂರು ಒಂದು ಕಡೆಗೆ ವಾಲಿರುತ್ತದೆ. ಆ ವಾಲಿಕೆ ಇರುವುದರಿಂದಲೇ ಪೆಟ್ಟು ಬಿದ್ದರೆ ಕಿಡಿ. ಕಾಯಿಸುತ್ತ ಹೋದರೆ ಅದು ಸಭ್ಯವಾಗಿ ನಟ್ಟನಡುವೆ ಬಂದು ಕೂರುತ್ತದೆ. ವಿಪರೀತ ಒತ್ತಿದರೂ ಎಷ್ಟೋ ಹರಳುಗಳ ಪಾಡು ಅದೇ. ನೋಡಲು ಅಚ್ಚುಕಟ್ಟು, ಆದರೆ ಕಿಡಿ ಹೋಯಿತು. ತಣ್ಣಗಾದಾಗ ಮತ್ತೆ ವಾಲುತ್ತವೆ ನಿಜ, ಆದರೆ ಒಂದೊಂದು ಒಂದೊಂದು ದಿಕ್ಕಿಗೆ, ಹಾಗಾಗಿ ಕಿಡಿ ಮರಳುವುದಿಲ್ಲ.

ಇದನ್ನು ತಿಳಿಯಲು ನನಗೆ ಕುಲುಮೆ ಬೇಕಿರಲಿಲ್ಲ. ಮನೆಯಿರುವ ನವುಲೆಯಿಂದ ದಿನಾ ಭದ್ರಾವತಿಗೆ ಬಸ್ಸಿನಲ್ಲಿ ನಿಂತು ಹೋಗಿ, ಕಾಲೇಜಿನಲ್ಲಿ ನಿಂತು ಪಾಠ ಮಾಡಿ, ನಿಂತೇ ವಾಪಸು ಬರುತ್ತೇನೆ. ಭಾನುವಾರ ತಣ್ಣಗೆ ಕೂತರೆ ಮನಸ್ಸು ದಿಕ್ಕಾಪಾಲು. ಥೀಸಿಸ್ ಒಪ್ಪಿಸಲು ಈ ತಿಂಗಳೇ ಕೊನೆ, ತಪ್ಪಿದರೆ ಬೇಯಿಸಿದ್ದೆಲ್ಲ ದಂಡ. ಶಾಖದ ಅಧ್ಯಾಯಗಳು ಮುಗಿದಿವೆ. ಒತ್ತಡದ ಮೇಲೂ ಒಂದಿದ್ದರೆ ತೂಕ ಬರುತ್ತದೆ ಎಂದು ನಮ್ಮ ಗೈಡ್ ಯಾವತ್ತೋ ಅಂದಿದ್ದರು. ಹರಳನ್ನು ಒತ್ತಿ ನೋಡುವ ಯಂತ್ರ ಇರುವುದು ದೂರದ ಊರಿನಲ್ಲಿ, ನನ್ನ ಸರದಿ ಇನ್ನೂ ಬಂದಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿದೆ.

ಹರಳಿನ ಕಥೆಯನ್ನು ಅತ್ತೆಗೆ ವಿವರಿಸಿದೆ.

"ಅಷ್ಟೆಲ್ಲ ಗೊತ್ತಿದ್ದೂ ರಿಪೇರಿ ಮಾಡಕ್ಕೆ ಬರಲ್ವಾ?" ಎಂದರು.

ಎಣ್ಣೆಯಲ್ಲಿ ಕಾಯಿಸಿ, ಸಾವಿರಾರು ವೋಲ್ಟ್ ಕೊಟ್ಟು, ವಾಲಿದ ಪರಮಾಣುಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿದರೆ ಆಗುತ್ತದೆ ಎಂದೆ.

"ಬೇಡ ಮಾರಾಯ್ತಿ. ಗಾಂಧಿ ಬಜಾರಿಗೆ ಹೋದಾಗ ಹೊಸದು ತಂದ್ರಾಯ್ತು," ಎಂದು ಬೆಂಕಿಕಡ್ಡಿ ಗೀರಿ ಕಾಫಿಗಿಟ್ಟರು. ಕಾಫಿ ಎಂದಿನಂತೆಯೇ ಇತ್ತು. ಅದನ್ನು ಕುಡಿಯುತ್ತಲೇ ಗೈಡ್‌ಗೆ ಫೋನ್ ಮಾಡಿದೆ.

"ಸರ್, ಒತ್ತಡದ ಅಧ್ಯಾಯ ನನ್ ಕೈಲಿ ಆಗಲ್ಲ. ಇರೋದನ್ನೇ ಕೊಡ್ತೀನಿ."

ಅವರು ಅಂದರು, "ಕೊಡಮ್ಮ. ಅದು ಬೇಕೇ ಬೇಕು ಅಂತ ನಾನ್ಯಾವಾಗ ಹೇಳಿದ್ದೆ?"

ಎದೆ ಹಗುರಾಯಿತು. ಹಿಂದೆಯೇ ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಕೊನೆಗೂ ಥೀಸಿಸ್ ಒಪ್ಪಿಸಿ ಬಂದಿದ್ದೇನೆ. ಗಾಂಧಿ ಬಜಾರಿಗೆ ಹೋಗುವಷ್ಟು ಕಸುವು ಇನ್ನೂ ಬಂದಿಲ್ಲ. ಅತ್ತೆ ದಿನಾ ಕಡ್ಡಿ ಗೀರುತ್ತಾರೆ, ಕಾಫಿ ಆಗುತ್ತದೆ, ನಾನು ಕೂತು ಕುಡಿಯುತ್ತೇನೆ.