ವಿದೇಶ ಪ್ರಶಸ್ತಿಗೊಂದು ಅರ್ಚನೆ

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ವಾರಪತ್ರಿಕೆಯೊಂದರಲ್ಲಿ ನನ್ನ ಎರಡು ಕಥೆ ಬಂದದ್ದೇ ತಪ್ಪಾಯಿತು. ಅಂದಿನಿಂದ ನಮ್ಮತ್ತೆ ಮಧ್ಯಾಹ್ನದ ಊಟವಾದ ಕೂಡಲೇ ಕೊಪ್ಪ ಪೇಟೆಯ ನಮ್ಮ ಬಾಡಿಗೆ ಮನೆಯ ಕೋಣೆಗೆ ನನ್ನನ್ನು ಅಟ್ಟಿ ಬಾಗಿಲು ಎಳೆಯುತ್ತಿದ್ದರು. ಮಂಡಿನೋವಿನಲ್ಲೇ ಪಾತ್ರೆ ತೊಳೆಯುವುದು, ದೋಸೆಗೆ ರುಬ್ಬುವುದು ಎಲ್ಲ ಅವರದೇ. ಯಾರಾದರೂ ಬಂದರೆ, "ಗಲಾಟೆ ಮಾಡ್ಬೇಡಿ ಮಾರಾಯ್ರೆ, ಅವಳು ಬರೀತಿದಾಳೆ" ಎನ್ನುವರು. ಬರೆಯುತ್ತಿದ್ದದ್ದು ಅಷ್ಟರಲ್ಲೇ ಇತ್ತು. ಮೊದಮೊದಲು ಹೆಣಗಾಡಿದೆ, ಆಮೇಲೆ ನಿದ್ದೆ ಹೊಡೆದೆ.

ಪ್ರತಿ ಅಕ್ಟೋಬರಿನಲ್ಲಿ ಜಗತ್ತಿನ ಆ ದೊಡ್ಡ ಸಾಹಿತ್ಯ ಪ್ರಶಸ್ತಿ ಯಾರಿಗೋ ಬಂತೆಂದು ಟೀವಿಯಲ್ಲಿ ಹೇಳಿದಾಗ ಅತ್ತೆ ನನಗೆ ಸಮಾಧಾನ ಹೇಳುವರು: "ಈ ಸಲನೂ ತಪ್ತು. ಇರ್ಲಿ ಬಿಡು." ಅದಕ್ಕೂ ನನಗೂ ಅಜಗಜಾಂತರ ಎಂದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ನವರಾತ್ರಿಗೆ ನನ್ನನ್ನು ಶೃಂಗೇರಿಗೆ ಹೊರಡಿಸಿದರು. ಅಕ್ಷರಾಭ್ಯಾಸಕ್ಕೆ ಬಂದ ಮಕ್ಕಳು ಅಕ್ಕಿಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದವು. ಅರ್ಚನೆಗೆ ನಿಂತಾಗ ಅರ್ಚಕರು ಗೋತ್ರ, ನಕ್ಷತ್ರ ಕೇಳಿದರು. ಅತ್ತೆ ಅಷ್ಟಕ್ಕೆ ಬಿಡಲಿಲ್ಲ.

"ಇವಳು ಕಥೆ ಬರೀತಾಳೆ. ಫಾರಿನ್ನಲ್ಲಿ ಬರಿಯೋರಿಗೆ ಪ್ರಶಸ್ತಿ ಕೊಡ್ತಾರಲ್ಲ, ಅದು ಇವಳಿಗೆ ಬರ್ಲಿ ಅಂತ ಮಾಡಿ."

ಹಿಂದೆ ಯಾರೋ ಕಿಸಕ್ಕೆಂದರು. ಅರ್ಚಕರು ಮಾತ್ರ ಮುಖ ಬದಲಿಸದೆ, "ವಿದೇಶ ಪ್ರಶಸ್ತಿ ಪ್ರಾಪ್ತ್ಯರ್ಥಂ" ಎಂದು ಸಂಕಲ್ಪಕ್ಕೆ ಸೇರಿಸಿಯೇಬಿಟ್ಟರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತ ಒಂದು ಮಗು ಅಳುತ್ತಲೇ ಅಕ್ಕಿಯಲ್ಲಿ ಓಂ ಬರೆಯುತ್ತಿತ್ತು. ನಾನು ಅಷ್ಟೂ ಬರೆಯದೆ ವರ್ಷಗಳೇ ಆಗಿದ್ದವು.

ವಾಪಸಾಗುವಾಗ ಬಸ್ಸಿನಲ್ಲಿ ತಡೆಯಲಾಗಲಿಲ್ಲ. "ಅತ್ತೆ, ನಾನು ಏನೂ ಬರೀತಿಲ್ಲ. ಕೋಣೇಲಿ ಮಲಗ್ತೀನಿ" ಎಂದೆ.

ಅವರು ಕುಂಕುಮದ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕುತ್ತಾ, "ಗೊತ್ತು ಮಾರಾಯ್ತಿ, ಗೊರಕೆ ಕೇಳ್ತದೆ" ಎಂದರು.

"ಮತ್ತೆ ಈ ಅರ್ಚನೆ ಎಂತಕ್ಕೆ?"

"ಮಧ್ಯಾಹ್ನ ಒಂದು ಗಳಿಗೆ ಬಾಗ್ಲು ಹಾಕ್ಕೊಂಡು ಕೂರಕ್ಕೆ ನನ್ನ ಯಾರೂ ಬಿಡ್ಲಿಲ್ಲ. ಬರೀತಾಳೆ ಅಂತ ಹೇಳ್ದೆ ಇದ್ರೆ ನಿನ್ನೂ ಬಿಡಲ್ಲ. ಪ್ರಶಸ್ತಿ ಬರೋವರೆಗೂ ಯಾರೂ ಕೇಳಲ್ಲ, ಸುಮ್ನಿರು."

ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಕೊಪ್ಪ ಬರುವವರೆಗೂ ಅವರ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿ ಕೂತೆ.

ಮರುದಿನ ಊಟವಾದ ಮೇಲೆ ಅವರು ಎಂದಿನಂತೆ ಬಾಗಿಲು ಎಳೆದರು. ಆಚೆ ಪಾತ್ರೆ ತಿಕ್ಕುವ ಸದ್ದು ಶುರುವಾಯಿತು. ನನಗೆ ನಿದ್ದೆ ಬರಲಿಲ್ಲ.