ಕೈ ಸುಳ್ಳು ಹೇಳಂಗಿಲ್ಲ

ಕುಷ್ಟಗಿಯ ಆ ಟ್ರ್ಯಾಕ್ಟರ್ ಮಿಸ್ತ್ರಿ ತಪಾಸಣೆಗೆಂದು ಮೀಟರ್ ಮುಟ್ಟಿದ್ದನ್ನು ನಾನು ಕಂಡಿಲ್ಲ. ಎಂಜಿನ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಕೈ ಸುಳ್ಳು ಹೇಳಂಗಿಲ್ರಿ" ಅನ್ನುತ್ತಿದ್ದರು.

ಚಳಿಗಾಲದ ಒಂದು ಮುಂಜಾನೆ ನಮ್ಮ ಹಳೇ ಟ್ರ್ಯಾಕ್ಟರ್ ಚಾಲೂ ಆಗಲಿಲ್ಲ. ಎಂಜಿನ್ನಿಗೆ ಹೋಗುವ ಗಾಳಿಯನ್ನು ಕಾಯಿಸುವ ಹೀಟರ್ ಮೇಲೆ ಅವರಿಗೆ ಅನುಮಾನ. ಅದನ್ನು ಹೊರಗೆ ಬಿಚ್ಚಿಟ್ಟು ಹೊಸ ವೈರ್ ಜೋಡಿಸಿದರು. ನಾನು ಮೇಲೆ ಕೂತು ಕೀಲಿ ತಿರುವಿ ಹಿಡಿದೆ. ಅವರು ಹೀಟರ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

"ಕಾಯವಲ್ದು ನೋಡ್ರಿ. ಹೀಟರ್ ಸತ್ತೈತಿ."

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ವೈರ್ ಸುಟ್ಟಿತೆಂದು ಕೆಳಗೆ ಜಿಗಿದೆ. ವೈರ್ ಅಲ್ಲ. ಹೀಟರ್ ಕೆಂಪಗೆ ಕಾದಿತ್ತು, ಅವರ ಅಂಗೈ ಅದರ ಮೇಲೇ ಇತ್ತು. ಕೈ ಹಿಡಿದು ಎಳೆದೆ.

ಕಣ್ಣು ತೆರೆದು, ಬೆಂದ ಅಂಗೈಯನ್ನು ಯಾರದೋ ಕೈಯಂತೆ ನೋಡಿದರು. "ಇದು ಯಾವಾಗಿಂದ ಹಿಂಗ ಆಗೇತ್ರಿ?" ಎಂದು ನನ್ನನ್ನೇ ಕೇಳಿದರು.